ಸರ್ಕಾರಿ ತರಬೇತಿ ವಿಡಿಯೊ: ಸಹಿ ಹಾಕುವವರು ಒಬ್ಬರು, ನೋಡಿ ಕಲಿಯುವವರು ಇನ್ನೊಬ್ಬರು

ಇಲಾಖೆ, ನಿಗಮ, ವಿದ್ಯುತ್ ಕಂಪನಿಗಳಿಗೆ ತರಬೇತಿ ವಿಡಿಯೊ ಮಾಡಿಕೊಡುವವರಿಂದ ಈ ಸಲ ಜಾಸ್ತಿ ಪ್ರಶ್ನೆ ಬಂದಿವೆ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲ ಎರಡಕ್ಕೇ ಹೆಚ್ಚು ಜಾಗ ಹೋಗಿದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಹನ್ನೊಂದು ವರ್ಷದಿಂದ ಮದುವೆ ವಿಡಿಯೊ ಮಾಡುತ್ತಿದ್ದೇನೆ. ಕ್ಯಾಮೆರಾ, ಗಿಂಬಲ್, ಡ್ರೋನ್ ಎಲ್ಲ ಸ್ವಂತದ್ದು. ವಿದ್ಯುತ್ ಕಂಪನಿಯ ಎಂಜಿನಿಯರ್ ಒಬ್ಬರು ಪವರ್‌ಮ್ಯಾನ್‌ಗಳ ಸುರಕ್ಷತೆ ಬಗ್ಗೆ 30 ನಿಮಿಷದ ವಿಡಿಯೊ ಬೇಕು ಅಂದಿದ್ದಾರೆ. ನಿಮಿಷಕ್ಕೆ ಎಷ್ಟು ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?
— ಸ್ಟುಡಿಯೊ ಮಾಲೀಕರು, ರಾಣೆಬೆನ್ನೂರು

ನಿಮಿಷದ ಲೆಕ್ಕ ಹೇಳಬೇಡಿ. ಮದುವೆಯಲ್ಲಿ ನಡೆಯುವುದನ್ನು ನೀವು ಹಿಡಿಯುತ್ತೀರಿ. ಇಲ್ಲಿ ಏನು ನಡೆಯಬೇಕು ಅನ್ನುವುದನ್ನೇ ಮೊದಲು ಬರೆಯಬೇಕು. ಅರ್ಧ ದುಡಿಮೆ ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಮುಗಿದಿರುತ್ತದೆ. ಸ್ಕ್ರಿಪ್ಟ್‌ಗೆ ಇಷ್ಟು, ಜಾಗ ನೋಡಿ ಬರುವುದಕ್ಕೆ ಇಷ್ಟು, ಶೂಟಿಂಗ್ ದಿನಕ್ಕೆ ಇಷ್ಟು, ಧ್ವನಿ, ಎಡಿಟಿಂಗ್, ಸಬ್‌ಟೈಟಲ್ ಇಷ್ಟಿಷ್ಟು ಎಂದು ಬಿಡಿಸಿ ಬರೆಯಿರಿ. ಬದಲಾವಣೆಗೂ ಮಿತಿ ಹಾಕಿ: ಸ್ಕ್ರಿಪ್ಟ್‌ಗೆ ಎರಡು ಸಲ, ಎಡಿಟ್ ಆದ ಮೇಲೆ ಎರಡು ಸಲ. ಅದಕ್ಕಿಂತ ಹೆಚ್ಚಾದರೆ ಬೇರೆ ದರ.

ಇನ್ನೊಂದು, ಒಪ್ಪಿದ ಸ್ಕ್ರಿಪ್ಟ್‌ನ ಪ್ರತಿ ಪುಟಕ್ಕೂ ಸಹಿ ಮಾಡಿಸಿಕೊಳ್ಳಿ. ಇದು ಅಪನಂಬಿಕೆ ಅಲ್ಲ. ನಿಮಗೆ ಕೆಲಸ ಕೊಟ್ಟ ಎಂಜಿನಿಯರ್‌ಗೆ ನಡುವೆ ವರ್ಗಾವಣೆ ಆಗಬಹುದು. ಹೊಸಬರು ಬಂದು "ಇದನ್ನು ಯಾರು ಹೇಳಿದ್ದು?" ಎಂದು ಕೇಳಿದಾಗ ತೋರಿಸಲು ಕಾಗದ ಬೇಕು, ಅಲ್ವಾ?

30 ನಿಮಿಷದ ಒಂದೇ ವಿಡಿಯೊ ಬೇಡ ಎಂದು ನೀವೇ ಹೇಳಿ. ತರಬೇತಿ ಕೇಂದ್ರದಲ್ಲಿ ಊಟ ಆದ ಮೇಲೆ ದೀಪ ಆರಿಸಿ 30 ನಿಮಿಷದ ವಿಡಿಯೊ ಹಾಕಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಕೆಲಸಕ್ಕೆ ಒಂದು ವಿಡಿಯೊ, ನಾಲ್ಕೈದು ನಿಮಿಷ, ಅಷ್ಟು ಸಾಕು. ಎಲ್‌ಸಿ, ಅಂದರೆ ಕರೆಂಟ್ ನಿಲ್ಲಿಸಿದ ಲೈನಿನಲ್ಲಿ ಕೆಲಸ ಮಾಡಲು ಕೊಡುವ ಅನುಮತಿ (ಲೈನ್ ಕ್ಲಿಯರ್), ತೆಗೆದುಕೊಳ್ಳುವುದು ಒಂದು. ಅರ್ಥಿಂಗ್ ಮಾಡುವುದು ಒಂದು. ಏಣಿ, ಬೆಲ್ಟ್ ಒಂದು. ಎಂಡಿ ಸಾಹೇಬರ ಸಂದೇಶ ಇರಲೇಬೇಕು ಅಂದರೆ ಅದೂ ಬೇರೆಯೇ ಫೈಲ್ ಆಗಲಿ. ಸಾಹೇಬರು ಬದಲಾದಾಗ ಅದನ್ನೊಂದು ಬದಲಿಸಿದರೆ ಆಯಿತು. ಇಲ್ಲದಿದ್ದರೆ ಚೆನ್ನಾಗಿರುವ ವಿಡಿಯೊ ಸುಮ್ನೆ ಮೂಲೆ ಸೇರುತ್ತದೆ.

ಈಗ ಮುಖ್ಯ ವಿಷಯ. ನಿಮಗೆ ವಿಷಯ ಗೊತ್ತಿಲ್ಲ, ಎಂಜಿನಿಯರ್‌ಗೆ ಗೊತ್ತು. ಆದರೆ ಕಂಬ ಹತ್ತುವವರು ಎಂಜಿನಿಯರ್ ಅಲ್ಲ. ಬರೆಯುವ ಮೊದಲು ಹಳೆಯ ಪವರ್‌ಮ್ಯಾನ್ ಒಬ್ಬರ ಜೊತೆ ಎರಡು ದಿನ ತಿರುಗಾಡಿ. ಅವರು ಏನು ಮಾಡುತ್ತಾರೆ, ಎಲ್ಲಿ ಅವಸರ ಮಾಡುತ್ತಾರೆ, ಮಳೆಯಲ್ಲಿ ಯಾವ ಹೆಜ್ಜೆ ಬಿಡುತ್ತಾರೆ ನೋಡಿ. ನಿಮ್ಮ ವಿಡಿಯೊ ಅವರು ಬಿಡುವ ಆ ಹೆಜ್ಜೆಯ ಬಗ್ಗೆ ಇರಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಇಂಥದೇ ಒಂದು ವಿಡಿಯೊ ಮಾಡಿದ್ದೆವು. ಸಬ್‌ಸ್ಟೇಷನ್‌ನಿಂದ ಎಲ್‌ಸಿ ಪಡೆದು, ಜಿಒಎಸ್ (ಲೈನಿನ ತಂತಿಗಳನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್) ಓಪನ್ ಮಾಡಿ, ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಪರೀಕ್ಷಿಸಿ, ಆಮೇಲೆ ತಂತಿಯನ್ನು ಭೂಮಿಗೆ ಸೇರಿಸುವ ಡಿಸ್ಚಾರ್ಜ್ ರಾಡ್ ಹಾಕಬೇಕು. ಅದರಲ್ಲೂ ಒಂದು ಕ್ರಮ ಇದೆ. ಮೊದಲು ರಾಡ್‌ನ ವೈರಿನ ತುದಿಯನ್ನು ಭೂಮಿಗೆ ಜೋಡಿಸಬೇಕು, ಆಮೇಲೆ ಕೊಕ್ಕೆಯನ್ನು ತಂತಿಗೆ ಹಾಕಬೇಕು. ತೆಗೆಯುವಾಗ ಇದರ ಉಲ್ಟಾ. ಶೂಟಿಂಗ್‌ನಲ್ಲಿ ಎಲ್ಲ ಸರಿಯಾಗೇ ಆಗಿತ್ತು. ಎಡಿಟಿಂಗ್ ಮಾಡುವ ಹುಡುಗನಿಗೆ ಆಕಾಶದ ಹಿನ್ನೆಲೆಯಲ್ಲಿ ಕೊಕ್ಕೆ ತಂತಿಗೆ ಬೀಳುವ ಶಾಟ್ ಚಂದ ಕಂಡಿತು. ಅದನ್ನು ಮುಂದೆ ತಂದ, ನೆಲದ ಶಾಟನ್ನು ಹಿಂದೆ ಹಾಕಿದ. ಮೂವರು ಅಧಿಕಾರಿಗಳು ನೋಡಿ ಒಪ್ಪಿದರು. ಸಂಗೀತ ಚೆನ್ನಾಗಿದೆ ಅಂದರು.

ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಪವರ್‌ಮ್ಯಾನ್ ಒಬ್ಬರು ಕೈ ಎತ್ತಿದರು. "ಸರ್, ಹಿಂಗ ಮಾಡಿದ್ರ ನಾ ಸಂಜಿಗೆ ಮನಿಗೆ ಹೋಗಂಗಿಲ್ರಿ." ಯಾರದೋ ಮನೆಯ ಜನರೇಟರ್‌ನಿಂದ ತಂತಿಗೆ ಹಿಂದಿನಿಂದ ಕರೆಂಟ್ ಬಂದಿದ್ದರೆ, ಭೂಮಿಗೆ ಜೋಡಿಸದ ಆ ವೈರು ಕೈ ಪಕ್ಕದಲ್ಲೇ ಜೀವ ತುಂಬಿಕೊಂಡು ನಿಂತಿರುತ್ತದೆ. ಅಂದಿನಿಂದ ನನ್ನ ನಿಯಮ ಒಂದೇ. ಅಧಿಕಾರಿಗೆ ತೋರಿಸುವ ಮೊದಲು ಕೆಲಸಗಾರರಿಗೆ ತೋರಿಸುವುದು. ಹುಡುಗನನ್ನು ಬೈಯಲಿಲ್ಲ. ಶಾಟ್‌ಗಳಿಗೆ ನಂಬರ್ ಹಾಕಿ, ಕ್ರಮ ಬದಲಿಸುವಂತಿಲ್ಲ ಎಂದು ಬರೆದು ಕೊಡದೆ ಇದ್ದದ್ದು ನನ್ನ ತಪ್ಪು.

ಶೂಟಿಂಗ್ ತರಬೇತಿಗೆಂದೇ ನೆಟ್ಟ, ಕರೆಂಟ್ ಇಲ್ಲದ ಕಂಬದಲ್ಲೇ ಆಗಬೇಕು. ಕೈಕೆಲಸ ತೋರಿಸುವಾಗ ಕ್ಯಾಮೆರಾ ಎದುರಿಗಿಂತ ಕೆಲಸಗಾರರ ಭುಜದ ಹಿಂದೆ ಇರಲಿ. ಎದುರಿನಿಂದ ತೆಗೆದರೆ ಎಡ ಬಲ ಆಗುತ್ತದೆ, ನೋಡುವವರು ತಲೆಯಲ್ಲೇ ತಿರುಗಿಸಿಕೊಳ್ಳಬೇಕಾಗುತ್ತದೆ. ಹೆಲ್ಮೆಟ್‌ನ ಪಟ್ಟಿ ಬಿಗಿಯಾಗಿದೆಯೇ ನೋಡುವುದಕ್ಕೆಂದೇ ಒಬ್ಬರನ್ನು ನಿಲ್ಲಿಸಿ. ಡ್ರೋನ್ ಮನೆಯಲ್ಲೇ ಇರಲಿ. ತಂತಿ ಹತ್ತಿರ ಹಾರಿಸುವ ವಸ್ತು ಅಲ್ಲ ಅದು.

ಕೊನೆಯ ಮಾತು, ಬಾಯಿಮಾತಿನ ಆರ್ಡರ್‌ಗೆ ಕೆಲಸ ಶುರು ಮಾಡಬೇಡಿ. ಕೊಟೇಶನ್ ಮೇಲೆ ಕೊಡುತ್ತಾರೋ, ರಾಜ್ಯ ಸರ್ಕಾರದ ಖರೀದಿಯ ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್ ಕರೆಯುತ್ತಾರೋ ಮೊದಲು ಕೇಳಿ. ಮೊತ್ತ ದೊಡ್ಡದಾದರೆ ಸರ್ಕಾರಿ ಖರೀದಿ ಕುರಿತ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಬೇಕು. "ಮೂರು ತುಂಡು ಮಾಡಿ ಬಿಲ್ ಕೊಡಿ, ಆಮೇಲೆ ನೋಡೋಣ" ಅಂದರೆ ನಯವಾಗಿ ಬೇಡ ಅನ್ನಿ. ಆಡಿಟ್ ಆಕ್ಷೇಪಣೆ ಬಂದಾಗ ನಿಮ್ಮ ಹಣವೇ ಮೊದಲು ನಿಲ್ಲುವುದು.

ಪ್ರಶ್ನೆ: ಅಂಗನವಾಡಿ ಕಾರ್ಯಕರ್ತೆಯರಿಗೆ ವಿಡಿಯೊ ಮಾಡುತ್ತಿದ್ದೇವೆ. ನಾವು "ಮಕ್ಕಳಿಗೆ ತತ್ತಿ ಕೊಡಿ" ಎಂದು ಬರೆದರೆ ಕಚೇರಿಯಿಂದ "ಫಲಾನುಭವಿಗಳಿಗೆ ಪೂರಕ ಪೌಷ್ಟಿಕ ಆಹಾರವನ್ನು ವಿತರಿಸತಕ್ಕದ್ದು" ಆಗಿ ವಾಪಸ್ ಬರುತ್ತದೆ. ಯಾವ ಕನ್ನಡ ಬಳಸಬೇಕು?
— ಸ್ಕ್ರಿಪ್ಟ್ ಬರೆಯುವವರು, ಕಲಬುರಗಿ

"ತಕ್ಕದ್ದು" ಬಂದ ಕೂಡಲೇ ನೋಡುವವರ ಕಿವಿ ಮುಚ್ಚುತ್ತದೆ. ಅದು ಸುತ್ತೋಲೆಯ ಭಾಷೆ. ಹಾಗೆಂದು ಜಗಳಕ್ಕೆ ಹೋಗಬೇಡಿ. ನಾನು ಮಾಡುವ ಉಪಾಯ ಇದು: ಸುತ್ತೋಲೆಯ ಮಾತು ಪರದೆಯ ಮೇಲೆ ಶೀರ್ಷಿಕೆಯಾಗಿ ಬರುತ್ತದೆ, ಧ್ವನಿ ಮಾತ್ರ ಮನೆಮಾತಿನಲ್ಲಿ ಇರುತ್ತದೆ. ಕಚೇರಿಗೂ ಸಮಾಧಾನ, ಕಾರ್ಯಕರ್ತೆಗೂ ಸಮಾಧಾನ.

ಆದರೆ ಒಂದು ಎಚ್ಚರ. ಕಾರ್ಯಕರ್ತೆ ದಿನಾ ರಿಜಿಸ್ಟರ್‌ನಲ್ಲಿ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ನೋಡುವ ಪದಗಳನ್ನು ಬದಲಿಸಬೇಡಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಅವರು "ಸ್ಯಾಮ್ ಮಗು" ಅನ್ನುತ್ತಿದ್ದರೆ ನೀವೂ ಹಾಗೇ ಅನ್ನಿ. ಸರಳ ಮಾಡುತ್ತೇವೆ ಎಂದು ಹೊಸ ಪದ ಹುಟ್ಟಿಸಿದರೆ ಅದೂ ಕಗ್ಗಂಟೇ. ತತ್ತಿ, ಕೂಸು, ಉಳ್ಳಾಗಡ್ಡಿ ನಿಮ್ಮ ಜಿಲ್ಲೆಗೆ ಸರಿ. ಇದೇ ವಿಡಿಯೊ ಮಂಡ್ಯಕ್ಕೂ ಹೋಗುತ್ತದೆ ಅಂದರೆ ಧ್ವನಿಯನ್ನು ಎರಡು ಸಲ ರೆಕಾರ್ಡ್ ಮಾಡಿ. ಚಿತ್ರ ಅದೇ ಇರುತ್ತದೆ, ಖರ್ಚು ಅಂಥ ಜಾಸ್ತಿ ಆಗುವುದಿಲ್ಲ. ಕ್ಯಾಮೆರಾ ನೋಡಿ ಮಾತಾಡುವ ಪಾತ್ರ ಇದ್ದರೆ ಇದು ಆಗುವುದಿಲ್ಲ, ಹಾಗಾಗಿ ಮೊದಲೇ ಯೋಚಿಸಿ.

ನಿಮ್ಮ ಸೀಮೆಗೆ ಕಲಿಸುವ ಟಿವಿ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಟಿವಿಯಲ್ಲಿ ಕಲಿಸುವ "ಸೈಟ್" (SITE) ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಇದ್ದವು. ಆಗ ಊರಿಗೊಂದು ಟಿವಿ, ಎಲ್ಲರೂ ಒಟ್ಟಿಗೆ ಕೂತು ನೋಡಬೇಕು. ತಿಳಿಯದಿದ್ದರೆ ಪಕ್ಕದವರನ್ನು ಕೇಳಬಹುದಿತ್ತು. ಈಗ ಕಾರ್ಯಕರ್ತೆ ಒಲೆಯ ಮೇಲೆ ಅನ್ನ ಇಟ್ಟು, ಮೊಬೈಲ್‌ನಲ್ಲಿ ಒಬ್ಬರೇ ನೋಡುತ್ತಾರೆ. ಮಾತು ಮೊದಲ ಸಲಕ್ಕೇ ಹೊಕ್ಕಬೇಕು.

ಹೊಕ್ಕಿದೆಯೇ ಎಂದು ತಿಳಿಯಲು "ಅರ್ಥ ಆಯ್ತಾ?" ಎಂದು ಕೇಳಬೇಡಿ. ಆಯ್ತು ಅಂತಾರೆ. ಎಲ್ಲರೂ ಅನ್ನುತ್ತಾರೆ. ಬದಲಿಗೆ ಮಾಡಿಸಿ ನೋಡಿ. ಒಆರ್‌ಎಸ್ ವಿಡಿಯೊ ತೋರಿಸಿ ಒಬ್ಬರ ಕೈಗೆ ಪ್ಯಾಕೆಟ್ ಕೊಟ್ಟಿದ್ದೆ. "ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್" ಎಂದು ಧ್ವನಿ ಸ್ಪಷ್ಟವಾಗೇ ಹೇಳಿತ್ತು. ಅವರು ಅಡುಗೆಮನೆಯ ತಂಬಿಗೆ ತಂದರು, ತುಂಬಿದರು, ಪ್ಯಾಕೆಟ್ ಸುರಿದರು. ಆ ತಂಬಿಗೆ ಹಿಡಿಯುವುದು ಎಷ್ಟು? ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀರು ಕಡಿಮೆ ಆದರೆ ಉಪ್ಪು ಗಟ್ಟಿಯಾಗುತ್ತದೆ, ಕೂಸಿಗೆ ಅಪಾಯ. ಮಾರನೆಯ ದಿನ ಆ ಶಾಟ್ ಹೊಸದಾಗಿ ತೆಗೆದೆವು. ಅಂಗಡಿಯಲ್ಲಿ ಸಿಗುವ ಒಂದು ಲೀಟರ್‌ನ ನೀರಿನ ಬಾಟಲಿ, ಅದನ್ನು ಪೂರ್ತಿ ಪಾತ್ರೆಗೆ ಸುರಿಯುವುದು, ಖಾಲಿ ಬಾಟಲಿ ಕ್ಯಾಮೆರಾಕ್ಕೆ ತೋರಿಸುವುದು. "24 ಗಂಟೆಯೊಳಗೆ ಬಳಸಿ" ಅನ್ನುವುದು "ನಾಳೆ ಈ ಹೊತ್ತಿಗೆ ಉಳಿದಿದ್ದರೆ ಚೆಲ್ಲಿಬಿಡಿ" ಆಯಿತು.

ಇಂಥ ಪರೀಕ್ಷೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಚೇರಿಗೆ ತೋರಿಸಿ. "ವಿತರಿಸತಕ್ಕದ್ದು" ತಾನಾಗೇ ಬಿದ್ದುಹೋಗುತ್ತದೆ. ನೀವು ವಾದ ಮಾಡಬೇಕಾಗಿಲ್ಲ.

ಪ್ರಶ್ನೆ: ಇಲಾಖೆ ಕೊಟ್ಟ ಪಠ್ಯವನ್ನು ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದರೆ ಒತ್ತಕ್ಷರ ಪಕ್ಕಕ್ಕೆ ಸರಿದು ಕೂರುತ್ತದೆ. ಕೆಲವು ಸಲ ಪೂರ್ತಿ ಇಂಗ್ಲಿಷ್ ಅಕ್ಷರದ ಗೋಜಲಾಗುತ್ತದೆ.
— ಎಡಿಟರ್, ತುಮಕೂರು

ಎರಡು ಬೇರೆ ಕಾಯಿಲೆ. ಗೋಜಲಾದರೆ ಕಡತ ಹಳೆಯ ನುಡಿ ಫಾಂಟ್‌ನಲ್ಲಿದೆ, ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ, ಎಡವಟ್ಟು ಅಲ್ಲೇ ಜಾಸ್ತಿ. ಒತ್ತು ಸರಿದರೆ ಫಾಂಟ್ ಬದಲಿಸುತ್ತ ಕೂರಬೇಡಿ. ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್ ಎರಡರ ಹಲವು ಆವೃತ್ತಿಗಳ ಪ್ರಿಫರೆನ್ಸಸ್‌ನಲ್ಲೂ ದಕ್ಷಿಣ ಏಷ್ಯಾದ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸುವ ಜಾಗ ಇದೆ. ಅದನ್ನು ಆರಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ.

ಹಾಗೇ, ವಾಟ್ಸ್ಆ್ಯಪ್‌ಗೆಂದು ಚಿಕ್ಕ ಪ್ರತಿಯೊಂದನ್ನು ನೀವೇ ಮಾಡಿಕೊಡಿ. ಉದಾಹರಣೆಗೆ, 3 ನಿಮಿಷದ ವಿಡಿಯೊ 16 ಎಂಬಿ ಒಳಗೆ ಕೂರಬೇಕಾದರೆ ಸೆಕೆಂಡಿಗೆ ಸುಮಾರು 700 ಕಿಲೋಬಿಟ್ ಸಿಗುತ್ತದೆ. ಅಷ್ಟರಲ್ಲಿ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಅಕ್ಷರದ ಗಾತ್ರವನ್ನು ಆ ಪ್ರತಿ ನೋಡಿಯೇ ತೀರ್ಮಾನಿಸಿ, ಸ್ಟುಡಿಯೊದ ದೊಡ್ಡ ಮಾನಿಟರ್ ನೋಡಿ ಅಲ್ಲ.

ಪ್ರಶ್ನೆ: ವಿಡಿಯೊ ಕೊಟ್ಟು ಏಳು ತಿಂಗಳಾಯಿತು. ಕೇಳಿದಾಗಲೆಲ್ಲ "ಸಾಹೇಬರು ಇನ್ನೂ ನೋಡಿಲ್ಲ" ಅನ್ನುತ್ತಾರೆ. ಬಿಲ್ ಆಗುವ ದಾರಿ ಏನು?
— ಶಿವಮೊಗ್ಗ

ವಿಡಿಯೊ ಹೇಗೆ ಕೊಟ್ಟಿರಿ? ಡ್ರೈವ್ ಲಿಂಕ್ ಕಳಿಸಿ ಫೋನ್ ಮಾಡಿದ್ದರೆ, ಕಾಗದದ ಮೇಲೆ ನೀವು ಏನೂ ಕೊಟ್ಟೇ ಇಲ್ಲ. ಇವತ್ತೇ ಪೆನ್‌ಡ್ರೈವ್ ಜೊತೆ ಪತ್ರ ಇಟ್ಟು, ಇನ್‌ವರ್ಡ್ ಸೀಲ್ ಹಾಕಿಸಿ ಸ್ವೀಕೃತಿ ತನ್ನಿ.

ನಿಮ್ಮದು ಉದ್ಯಮ್ ನೋಂದಣಿ ಆದ ಸಣ್ಣ ಅಥವಾ ಅತಿಸಣ್ಣ ಘಟಕವಾಗಿದ್ದರೆ ಸಣ್ಣ ಉದ್ದಿಮೆಗಳ ರಕ್ಷಣೆಗಿರುವ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿದೆ. ಕೊಟ್ಟ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ ಒಪ್ಪಿದಂತೆಯೇ ಲೆಕ್ಕ. ಕರಾರಿನಲ್ಲಿ ಏನೇ ಬರೆದಿದ್ದರೂ ಹಣ ಕೊಡುವ ಗಡುವು 45 ದಿನ ದಾಟುವಂತಿಲ್ಲ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ನೋಂದಣಿ ಮಾತ್ರ ಕೆಲಸ ಹಿಡಿಯುವ ಮೊದಲೇ ಆಗಿದ್ದರೆ ಕ್ಷೇಮ.

ದೂರು ಹಾಕಿದರೆ ಮುಂದಿನ ಕೆಲಸ ಸಿಗುತ್ತದಾ ಅನ್ನುವ ಅಳುಕು ಎಲ್ಲರಿಗೂ ಇರುತ್ತದೆ, ನನಗೂ ಇದೆ. ಅದಕ್ಕೇ ಮೊದಲು ಕಾಯ್ದೆಯ ಈ ನಿಯಮಗಳನ್ನು ಹೆಸರಿಸಿ ಒಂದು ನೆನಪಿನ ಪತ್ರ ಬರೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ. ಮಾರ್ಚ್ 31 ಮರೆಯಬೇಡಿ. ಅನುದಾನ ಲ್ಯಾಪ್ಸ್ ಆದರೆ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆ ಖಜಾನೆ-2ರಲ್ಲಿ ಬಿಲ್ ಹಾಕಲು ಅವರಿಗೇ ದುಡ್ಡಿರುವುದಿಲ್ಲ. ಇನ್ನು, ತೆರಿಗೆ ಬಿಟ್ಟು ಕರಾರಿನ ಮೊತ್ತ 2.5 ಲಕ್ಷ ದಾಟಿದರೆ 2% ಜಿಎಸ್‌ಟಿ ಟಿಡಿಎಸ್ ಹಿಡಿಯುತ್ತಾರೆ. ಅದು ನಷ್ಟ ಅಲ್ಲ, ನಿಮ್ಮ ಜಿಎಸ್‌ಟಿ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ.

ಪ್ರಶ್ನೆ: ಇಲಾಖೆಗೆ ಮಾಡಿದ ವಿಡಿಯೊವನ್ನು ನನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಬಹುದೇ? ಹೊಸ ಗಿರಾಕಿಗಳಿಗೆ ತೋರಿಸಲು ಬೇರೆ ಏನೂ ಇಲ್ಲ.
— ಮಂಗಳೂರು

ಕೇಳದೆ ಹಾಕಬೇಡಿ. ಸರ್ಕಾರದ ನಿರ್ದೇಶನದಲ್ಲಿ ಆದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸರ್ಕಾರವೇ ಮೊದಲ ಹಕ್ಕುದಾರ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ನಿಗಮ, ಕಂಪನಿಗಳಿಗೂ ಹಾಗೇ. ಮುಂದಿನ ಸಲ ಕರಾರಿಗೆ ಒಂದು ಸಾಲು ಸೇರಿಸಿ: "ಗುತ್ತಿಗೆದಾರರು ಈ ವಿಡಿಯೊದ ಒಂದು ನಿಮಿಷ ಮೀರದ ಭಾಗವನ್ನು ತಮ್ಮ ಕೆಲಸದ ಮಾದರಿಯಾಗಿ ತೋರಿಸಬಹುದು." ಇಷ್ಟು ಕೇಳಿದರೆ ಇಲ್ಲ ಅಂದವರನ್ನು ನಾನು ನೋಡಿಲ್ಲ. ಈಗ ಕೈಯಲ್ಲಿರುವ ವಿಡಿಯೊಗೆ ಇದೇ ಸಾಲನ್ನು ಪತ್ರದಲ್ಲಿ ಬರೆದು ಅನುಮತಿ ಕೇಳಿ. ವಿಡಿಯೊದಲ್ಲಿ ಮಕ್ಕಳು, ರೋಗಿಗಳು ಕಾಣುತ್ತಿದ್ದರೆ ಆ ಶಾಟ್ ಬಿಟ್ಟು ಬೇರೆ ಭಾಗ ಆರಿಸಿಕೊಳ್ಳಿ.