ತಂಗಿ ಪಕ್ಕ ಯಾರು ಕೂರ್ತಾರೆ?

ಪ್ರಶ್ನೆ: ನನ್ನ ತಂಗಿ ನ್ಯೂಯಾರ್ಕಲ್ಲಿದಾಳೆ. ನಾಲ್ಕು ವರ್ಷದ ಮಗನ್ನ ಒಬ್ಬನ್ನೇ ಬಿಟ್ಟು ಅಂಗಡಿಗೆ ಹೋಗಿದ್ಲು ಅಂತ ಯಾರೋ ಕಂಪ್ಲೇಂಟ್ ಕೊಟ್ಟು, ಮಕ್ಕಳ ರಕ್ಷಣಾ ಇಲಾಖೆ ಎಸಿಎಸ್‌ನೋರು ಮಗೂನ ಕರ್ಕೊಂಡು ಹೋಗಿದಾರೆ. ಮೀಟಿಂಗ್‌ಗೆ 'ಪೇರೆಂಟ್ ಅಡ್ವೊಕೇಟ್' ಬರ್ತಾರಂತೆ, ನಂಬಬಹುದಾ? (ಹೆಸರು ಬೇಡ, ಮೈಸೂರು)

ಉತ್ತರ: ನೋಡಿ ಮೇಡಂ, ಅವರು ವಕೀಲರಲ್ಲ, ಇಲಾಖೆ ಆಫೀಸರೂ ಅಲ್ಲ. ಸುಮಾರು ಜನ ತಾವೇ ಈ ಸಂಕಟ ಉಂಡೋರು, ಒಂದು ಕಾಲಕ್ಕೆ ಅವರ ಮಕ್ಕಳೂ ಫಾಸ್ಟರ್ ಕೇರಲ್ಲಿದ್ದು (ಅಂದ್ರೆ ಇಲಾಖೆ ಮಗೂನ ತಾತ್ಕಾಲಿಕವಾಗಿ ಬೇರೆಯವರ ಹತ್ರ ಇಡೋದು) ವಾಪಸ್ ಬಂದಿರ್ತಾರೆ, ಅದಕ್ಕೇ ಅಲ್ಲಿ ಏನಾಗುತ್ತೆ ಅಂತ ಅವರಿಗೆ ಚೆನ್ನಾಗ್ ಗೊತ್ತು. ಮೀಟಿಂಗಲ್ಲಿ ತಾಯಿ ದನಿ ಏರಿಸಿದ್ರೆ 'ಸಹಕರಿಸಲ್ಲ' ಅಂತ ಬರ್ಕೊಂಡ್ಬಿಡಬಹುದು, ಆಗ ಪಕ್ಕದಲ್ಲಿರೋ ಇವರು ಐದು ನಿಮಿಷ ಬ್ರೇಕ್ ಕೊಡಿ ಅಂತಾರೆ, ಆಚೆ ಕರ್ಕೊಂಡ್ಹೋಗಿ ನೀರು ಕುಡಿಸಿ, ಈಗ ಇದನ್ನ ಕೇಳು ಅಂತ ಹೇಳ್ಕೊಡ್ತಾರೆ. ಇದು ಸಣ್ಣ ಸಹಾಯ ಅಲ್ಲ. ವಕೀಲರು, ಸೋಷಿಯಲ್ ವರ್ಕರ್, ಪೇರೆಂಟ್ ಅಡ್ವೊಕೇಟ್ ಒಂದೇ ಟೀಮಾಗಿ ನಿಂತ ಕೇಸುಗಳಲ್ಲಿ, ವಕೀಲರೊಬ್ಬರೇ ನಿಂತ ಕೇಸುಗಳಿಗಿಂತ ಮಕ್ಕಳು ಸರಾಸರಿ 118 ದಿನ ಮುಂಚೆ ಫಾಸ್ಟರ್ ಕೇರಿಂದ ಆಚೆ ಬಂದ್ರು ಅಂತ ನ್ಯೂಯಾರ್ಕ್‌ದೇ 2019ರ ಅಧ್ಯಯನ ಇದೆ, ಮಕ್ಕಳ ಸುರಕ್ಷತೆಗೇನೂ ಕುಂದಾಗಿರಲಿಲ್ಲ.

ಆದ್ರೆ ನಿಮ್ಮ ತಂಗಿ ಆ ಅಡ್ವೊಕೇಟ್‌ನ ಮೊದಲೇ ಕೇಳ್ಲಿ, ನೀವು ಯಾರ ಕಡೆಯಿಂದ ಬಂದಿದೀರ, ನಾನು ಹೇಳಿದ್ದು ನಮ್ಮಲ್ಲೇ ಉಳಿಯುತ್ತಾ ಅಂತ. ವಕೀಲರ ಟೀಮಿನವರಾದ್ರೆ ಇನ್ನೂ ಧೈರ್ಯ. ದುಡ್ಡಿಲ್ಲದಿದ್ರೆ ಫ್ಯಾಮಿಲಿ ಕೋರ್ಟೇ ವಕೀಲರನ್ನ ಕೊಡುತ್ತೆ. ಮಗು ವಾಪಸ್ ಬೇಕು ಅಂತ '1028 ಹಿಯರಿಂಗ್' ಕೇಳಿದ್ರೆ ಸಾಮಾನ್ಯವಾಗಿ ಕೋರ್ಟಿನ ಮೂರು ಕೆಲಸದ ದಿನದೊಳಗೆ ಶುರು ಮಾಡ್ಬೇಕು, ಅದನ್ನ ವಕೀಲರ ಹತ್ರ ಇವತ್ತೇ ಮಾತಾಡ್ಲಿ. ಕನ್ನಡ ದುಭಾಷಿನೂ ಕೇಳ್ಲಿ, ಇಂಗ್ಲಿಷ್ ಬರುತ್ತೆ ಅಂತ ಸಂಕೋಚ ಬೇಡ, ಅಳು ಬಂದಾಗ ಬಾಯಿಗೆ ಬರೋದು ಕನ್ನಡವೇ.