ಗೋಲಿ ಸೋಡಾ ಬಾಟಲಿಯೊಳಗೆ ಗೋಲಿ ಯಾಕೆ? ಅದನ್ನು ಕಂಡುಹಿಡಿದಿದ್ದು ಯಾರು?

ಸುಮ್ನೆ ಚೆಂದಕ್ಕೆ ಹಾಕಿದ್ದಲ್ಲ, ಆ ಗೋಲಿಯೇ ಬಾಟಲಿಯ ಮುಚ್ಚಳ. ಪೇಟೆಂಟ್ ಪಡೆದವರು ಇಂಗ್ಲೆಂಡಿನ ಎಂಜಿನಿಯರ್ ಹೈರಮ್ ಕಾಡ್, 1870ರ ದಶಕದ ಶುರುವಿನಲ್ಲಿ.

ಅದಕ್ಕೂ ಮೊದಲು ಸೋಡಾಕ್ಕೆ ಕಾರ್ಕ್ ಬಿರಡೆ ಹಾಕುತ್ತಿದ್ದರು. ಕಾರ್ಕ್ ಒಣಗಿದರೆ ಗ್ಯಾಸ್ ಸೋರುತ್ತಿತ್ತು. ಅದು ಒದ್ದೆಯಾಗಿಯೇ ಇರಲಿ ಅಂತ ಚಪ್ಪಟೆ ತಳವೇ ಇಲ್ಲದ, ನಿಲ್ಲಿಸಲು ಬಾರದೆ ಮಲಗಿಸಿಯೇ ಇಡಬೇಕಾದ ಮೊಟ್ಟೆಯಾಕಾರದ ಬಾಟಲಿಗಳನ್ನೂ ಮಾಡಿದ್ದರು! ಕಾಡ್ ಅವರ ಉಪಾಯ ನೋಡಿ. ಬಾಟಲಿಯ ಬಾಯಿಯ ಒಳಗೆ ಒಂದು ರಬ್ಬರ್ ಉಂಗುರ, ಕತ್ತಿನಲ್ಲಿ ಒಂದು ಗಾಜಿನ ಗೋಲಿ. ಸೋಡಾ ತುಂಬಿ ಬಾಟಲಿಯನ್ನು ತಲೆಕೆಳಗು ಮಾಡಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ. ಆಮೇಲೆ ನೆಟ್ಟಗೆ ಇಟ್ಟರೂ ಬೀಳುವುದಿಲ್ಲ, ಒಳಗಿನ ಗ್ಯಾಸೇ ಅದನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಗ್ಯಾಸ್ ಜಾಸ್ತಿ ಇದ್ದಷ್ಟೂ ಮುಚ್ಚಳ ಬಿಗಿ. ಮೇಲಿನಿಂದ ಒತ್ತಿದರೆ 'ಟಪ್' ಅಂತ ಗೋಲಿ ಕೆಳಗಿಳಿಯುತ್ತದೆ. ಕತ್ತಿನಲ್ಲಿ ಎರಡು ಗುಳಿ ಇವೆ ಅಲ್ವಾ? ಕುಡಿಯುವಾಗ ಗೋಲಿ ಉರುಳಿ ಬಂದು ಮತ್ತೆ ಬಾಯಿ ಮುಚ್ಚದಂತೆ ತಡೆಯುವುದು ಅವೇ.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದರು. ಅದು ಅಗ್ಗ. ಹಾಗಾಗಿ ಬಹಳಷ್ಟು ಕಡೆ ಗೋಲಿ ಮರೆಯಾಯಿತು. ನಮ್ಮಲ್ಲಿ ಮತ್ತು ಜಪಾನಿನಲ್ಲಿ ಮಾತ್ರ ಇನ್ನೂ ಸಿಗುತ್ತದೆ ಅನ್ನಬಹುದು. ಅಲ್ಲಿ ಅದರ ಹೆಸರು ರಾಮುನೆ.