ಸೈಟ್‌ಮ್ಯಾಪನ್ನು ನೀವು ಬರೆಯಬೇಡಿ, ಸೈಟೇ ಬರೆದುಕೊಳ್ಳಲಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು, ಮೂರೂ ನಮ್ಮ ಕೊಡಗಿನದ್ದು. ಅದಕ್ಕೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮದೊಂದು ಹೋಂಸ್ಟೇ ಇದೆ. ಜೊತೆಗೆ ತೋಟದ ಕಾಫಿ ಪುಡಿ, ಕರಿಮೆಣಸು, ಜೇನು, ಕಾಚಂಪುಳಿ (ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿ) ಮಾರುತ್ತೇವೆ. ವೆಬ್‌ಸೈಟ್ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದಲ್ಲಿದೆ. 2021ರಲ್ಲಿ ಅದನ್ನು ಮಾಡಿಕೊಟ್ಟ ಹುಡುಗ 14 ಪುಟಗಳ ಸೈಟ್‌ಮ್ಯಾಪ್ ಕೈಯಲ್ಲೇ ಬರೆದು ಹಾಕಿದ್ದ. ಈಗ ಪುಟಗಳು 60 ದಾಟಿವೆ. ಕಾಚಂಪುಳಿಯ ಪುಟ ಹಾಕಿ ನಾಲ್ಕು ತಿಂಗಳಾದರೂ ಗೂಗಲ್‌ನಲ್ಲಿ ಸಿಗುತ್ತಿಲ್ಲ. ಸೈಟ್‌ಮ್ಯಾಪ್ ತಾನಾಗಿ ಆಗುವಂತೆ ಮಾಡಲು ಒಬ್ಬರು ತಿಂಗಳಿಗೆ ಇಷ್ಟು ಅಂತ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕಾ? ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಇರುವುದಿಲ್ಲ, ಆಗ ಅದು ನಿಂತುಹೋಗುತ್ತಾ?
– ಹೋಂಸ್ಟೇ ನಡೆಸುವ ಗೃಹಿಣಿ, ನಾಪೋಕ್ಲು

ಉತ್ತರ: ಕೊಡಬೇಡಿ ಮೇಡಂ. ನಿಮಗೆ ಬೇಕಾದ್ದು ನಿಮ್ಮ ವರ್ಡ್‌ಪ್ರೆಸ್ ಒಳಗೇ ಇದೆ.

ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಸೈಟ್‌ಮ್ಯಾಪ್ ಅಂದರೆ ಚೆಕ್‌ರೋಲ್ ಇದ್ದ ಹಾಗೆ. ಯಾರ್ಯಾರು ಕೆಲಸಕ್ಕಿದ್ದಾರೆ, ಯಾರು ಯಾವತ್ತು ಬಂದರು ಅಂತ ರೈಟರ್ ದಿನಾ ಬರೆದಿಡುತ್ತಾರಲ್ಲ, ಹಾಗೆಯೇ ನಿಮ್ಮ ಸೈಟಿನಲ್ಲಿ ಯಾವ ಯಾವ ಪುಟ ಇದೆ, ಯಾವುದು ಯಾವತ್ತು ಬದಲಾಯಿತು ಅನ್ನುವ ಪಟ್ಟಿ ಇದು. ಗೂಗಲ್, ಬಿಂಗ್ ಎರಡೂ ಇದನ್ನು ಓದುತ್ತವೆ. ನಿಮ್ಮ ಚೆಕ್‌ರೋಲ್ 2021ಕ್ಕೇ ನಿಂತಿದೆ. ಆಮೇಲೆ ಬಂದವರ ಹೆಸರು ಅದರಲ್ಲಿಲ್ಲ.

2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಈ ಪಟ್ಟಿಯನ್ನು ತಾನೇ ಮಾಡಿಕೊಳ್ಳುತ್ತದೆ. ಅದರ ಹೆಸರು 'ಡಬ್ಲ್ಯೂಪಿ-ಸೈಟ್‌ಮ್ಯಾಪ್.ಎಕ್ಸ್‌ಎಂಎಲ್'. ನಿಮ್ಮ ಸೈಟಿನ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ, ಈ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ (wp-sitemap.xml) ಟೈಪ್ ಮಾಡಿ ನೋಡಿ. ಅಲ್ಲಿ ಕಾಣುವುದು ಸಣ್ಣ ಪಟ್ಟಿಗಳ ಲಿಂಕ್‌ಗಳು, ಅವನ್ನು ಒತ್ತಿದರೆ ಕಾಚಂಪುಳಿಯ ಪುಟ ಆಗಲೇ ಇರುತ್ತದೆ. ಇಲ್ಲ ಅಂದರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಜಾಗಕ್ಕೆ ಹೋಗಿ, ಸರ್ಚ್ ಎಂಜಿನ್‌ಗಳು ಬರುವುದು ಬೇಡ ಅನ್ನುವ ಚೌಕದಲ್ಲಿ ಟಿಕ್ ಬಿದ್ದಿದೆಯಾ ನೋಡಿ. ಸೈಟ್ ಕಟ್ಟುವಾಗ ಹಾಕಿದ ಆ ಟಿಕ್ ತೆಗೆಯಲು ಮರೆಯುವವರು ಜಾಸ್ತಿ, ಅದು ಇರುವ ತನಕ ಸೈಟ್‌ಮ್ಯಾಪೂ ಬರುವುದಿಲ್ಲ.

ಹಾಗಾದರೆ ಗೂಗಲ್‌ಗೆ ಯಾಕೆ ಕಾಣಲಿಲ್ಲ? ಆ ಹುಡುಗ ಬರೆದ ಹಳೇ ಫೈಲು ಇನ್ನೂ ಸರ್ವರ್‌ನಲ್ಲೇ ಕೂತಿದೆ, ಗೂಗಲ್ ಅದನ್ನೇ ಓದುತ್ತಿದೆ ಅಂತ ನನ್ನ ಅಂದಾಜು. ಹೋಸ್ಟಿಂಗ್‌ನ (ನಿಮ್ಮ ಸೈಟನ್ನು ಇಟ್ಟುಕೊಂಡಿರುವ ಕಂಪನಿಯ) ಫೈಲ್ ಮ್ಯಾನೇಜರ್‌ಗೆ ಹೋಗಿ ಅದನ್ನು ಅಳಿಸಿ. ಪಕ್ಕದಲ್ಲೇ ರೋಬೋಟ್ಸ್.ಟಿಎಕ್ಸ್‌ಟಿ ಅನ್ನುವ, ಸರ್ಚ್ ಎಂಜಿನ್‌ಗಳಿಗೆ ಸೂಚನೆ ಕೊಡುವ ಸಣ್ಣ ಫೈಲು ಇದ್ದರೆ ತೆರೆದು, ಸೈಟ್‌ಮ್ಯಾಪ್ ಅಂತ ಶುರುವಾಗುವ ಸಾಲಿನಲ್ಲಿ ಹೊಸ ವಿಳಾಸ ಬರೆಯಿರಿ. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಉಚಿತ ಪುಟ) ಹಳೆಯದನ್ನು ತೆಗೆದು ಹೊಸದನ್ನು ಒಂದೇ ಸಲ ಕೊಡಿ, ಸಾಕು. ಯೋಸ್ಟ್‌ನಂಥ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಮೊದಲೇ ಇದ್ದರೆ ಅದು ವರ್ಡ್‌ಪ್ರೆಸ್‌ನದ್ದನ್ನು ನಿಲ್ಲಿಸಿ ತನ್ನದೇ ಮಾಡುತ್ತದೆ. ಆಗ ಅದರ ವಿಳಾಸ ಕೊಡಿ. ಎರಡೆರಡು ಬೇಡ.

ಕರೆಂಟಿನ ಚಿಂತೆ ಬಿಡಿ. ಇದು ನಡೆಯುವುದು ಹೋಸ್ಟಿಂಗ್‌ನವರ ಸರ್ವರ್‌ನಲ್ಲಿ. ಜುಲೈನಲ್ಲಿ ಮರ ಬಿದ್ದು ನಿಮ್ಮ ಮನೆಯಲ್ಲಿ ಮೂರು ದಿನ ಲೈಟ್ ಇಲ್ಲದಿದ್ದರೂ ಅದರ ಪಾಡಿಗೆ ಅದು ಇರುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಕಾಚಂಪುಳಿಯ ಪುಟಕ್ಕೆ ನಿಮ್ಮ ಸೈಟಿನ ಬೇರೆ ಪುಟದಿಂದ ದಾರಿ ಇದೆಯಾ? ವಾಟ್ಸ್ಯಾಪ್‌ನಲ್ಲಿ ಲಿಂಕ್ ಕಳಿಸಿ ಮಾರುತ್ತಾ, ಮುಖಪುಟದಲ್ಲಿ ಅದರ ಹೆಸರನ್ನೇ ಹಾಕದೆ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೈಟ್‌ಮ್ಯಾಪ್ 'ಈ ಪುಟ ಇದೆ' ಅಂತ ಹೇಳುತ್ತದೆ, ಅಷ್ಟೇ. ಗೂಗಲ್ ಅದನ್ನು ತೋರಿಸಲೇಬೇಕು ಅಂತೇನಿಲ್ಲ. ಮುಖಪುಟದಿಂದ ಒಂದು ಲಿಂಕ್ ಕೊಡಿ. ಕಾಚಂಪುಳಿ ಏನು, ಹೇಗೆ ಕಾಯಿಸುತ್ತೀರಿ, ಯಾವ ಅಡುಗೆಗೆ ಎಷ್ಟು ಹಾಕಬೇಕು ಅಂತ ನಾಲ್ಕು ಸಾಲು ನಿಮ್ಮ ಮಾತಿನಲ್ಲೇ ಬರೆಯಿರಿ. ಹೊರಗಿನವರಿಗೆ ಅದು ಗೊತ್ತಿಲ್ಲ, ಹುಡುಕುವುದೂ ಅದನ್ನೇ ಅಲ್ವಾ?

ಪ್ರಶ್ನೆ: ನಮ್ಮ ಕಡೆಯ ಹಳೇ ಫೋಟೋಗಳನ್ನು ಮನೆಮನೆಯಿಂದ ತಂದು ಸ್ಕ್ಯಾನ್ ಮಾಡಿ ಒಂದು ಸೈಟ್ ಮಾಡಿದ್ದೇನೆ. ಪಿಎಚ್‌ಪಿ ಭಾಷೆ, ಮೈಎಸ್‌ಕ್ಯುಎಲ್ ಡೇಟಾಬೇಸ್ ಬಳಸಿ ನಾನೇ ಬರೆದದ್ದು. 312 ಪುಟ ಇದೆ, ವಿಳಾಸಗಳು ಕನ್ನಡದಲ್ಲೇ ಇವೆ. ದಿನಾ ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಸರ್ವರ್ ವ್ಯವಸ್ಥೆ) ಓಡಿ ಸೈಟ್‌ಮ್ಯಾಪ್ ಆಗುತ್ತದೆ, ಗೂಗಲ್‌ಗೆ ಪಿಂಗ್ (ಪಟ್ಟಿ ಬದಲಾಗಿದೆ ಅನ್ನುವ ಸೂಚನೆ) ಕೂಡ ಹೋಗುತ್ತದೆ. ಆದರೂ ತಿದ್ದಿದ ಪುಟಗಳನ್ನು ಗೂಗಲ್ ವಾರಗಟ್ಟಲೆ ನೋಡುವುದಿಲ್ಲ. ಫೈಲಿನ ಪ್ರತಿ ಕಳಿಸಿದ್ದೇನೆ.
– ಓದುಗ, ಸೋಮವಾರಪೇಟೆ

ಉತ್ತರ: ಮೊದಲು ಒಂದು ಮಾತು ತಮ್ಮಾ, ತುಂಬಾ ಒಳ್ಳೆ ಕೆಲಸ ಮಾಡುತ್ತಿದ್ದೀಯ. ಮಳೆಗೆ ಬೂಸ್ಟು ಹಿಡಿದು ಎಷ್ಟು ಮನೆಗಳಲ್ಲಿ ಇಂಥ ಫೋಟೋ ಹಾಳಾಗಿವೆ. ಇದು ನಿಲ್ಲಬಾರದು.

ನಿನ್ನ ಫೈಲು ತೆರೆದು ನೋಡಿದೆ. 312 ಪುಟಕ್ಕೂ ಲಾಸ್ಟ್‌ಮಾಡ್, ಅಂದರೆ ಕೊನೆಯ ಸಲ ತಿದ್ದಿದ ಸಮಯ, ಒಂದೇ, ನಿನ್ನೆ ರಾತ್ರಿ 2 ಗಂಟೆ 5 ನಿಮಿಷ. ಅಂದರೆ ಕ್ರಾನ್ ಓಡಿದ ಹೊತ್ತನ್ನೇ ಎಲ್ಲದಕ್ಕೂ ಬರೆದಿದ್ದೀಯ. ತಪ್ಪು ಇರುವುದೇ ಇಲ್ಲಿ. ಮೇಲಿನ ಮೇಡಂಗೆ ಹೇಳಿದ ಚೆಕ್‌ರೋಲನ್ನೇ ತಗೋ. ದಿನಾ ಎಲ್ಲರಿಗೂ ಹಾಜರಿ ಹಾಕುವ ರೈಟರ್‌ನ ಪುಸ್ತಕವನ್ನು ಯಾವ ಮಾಲೀಕರೂ ನಂಬುವುದಿಲ್ಲ. ಲಾಸ್ಟ್‌ಮಾಡ್ ಯಾವಾಗಲೂ ನಿಜ ಇದ್ದರೆ ಮಾತ್ರ ಅದನ್ನು ಬಳಸುತ್ತೇವೆ ಅಂತ ಗೂಗಲ್‌ನವರೇ ಹೇಳಿದ್ದಾರೆ. ಡೇಟಾಬೇಸಿನ ಟೇಬಲ್‌ನಲ್ಲಿ ತಿದ್ದಿದ ಸಮಯಕ್ಕೆ ಒಂದು ಕಾಲಂ ಮಾಡಿ, ಬರಹ ಅಥವಾ ಫೋಟೋ ನಿಜವಾಗಿ ಬದಲಾದಾಗ ಮಾತ್ರ ಅದು ಬದಲಾಗಲಿ. ಸೈಟ್‌ಮ್ಯಾಪ್‌ಗೆ ಅದನ್ನೇ ಎತ್ತಿಕೋ. ಆದರೆ ಒಂದು ಎಚ್ಚರ, ಪುಟ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಅದೇ ಸಾಲಿನಲ್ಲಿ ಕೂತಿದ್ದರೆ, ಯಾರಾದರೂ ಪುಟ ತೆರೆದಾಗಲೆಲ್ಲ ಮೈಎಸ್‌ಕ್ಯುಎಲ್ ಆ ಸಮಯವನ್ನೂ ಬದಲಿಸಿಬಿಡಬಹುದು. ಆ ಲೆಕ್ಕವನ್ನು ಬೇರೆ ಟೇಬಲ್‌ಗೆ ಹಾಕು. ಪ್ರಯಾರಿಟಿ (ಪುಟ ಎಷ್ಟು ಮುಖ್ಯ), ಚೇಂಜ್‌ಫ್ರೀಕ್ (ಎಷ್ಟು ಸಲ ಬದಲಾಗುತ್ತದೆ) ಅಂತ ಬರೆದ ಸಾಲುಗಳನ್ನು ಗೂಗಲ್ ನೋಡುವುದೇ ಇಲ್ಲ, ತೆಗೆದುಬಿಡು.

ಪಿಂಗ್ ಕೂಡ ಸುಮ್ನೆ ಹೋಗುತ್ತಿದೆ. ಗೂಗಲ್ ಅದನ್ನು 2023ರಲ್ಲೇ ನಿಲ್ಲಿಸಿತು. ರೋಬೋಟ್ಸ್ ಫೈಲಿನಲ್ಲಿ ಸೈಟ್‌ಮ್ಯಾಪಿನ ವಿಳಾಸದ ಒಂದು ಸಾಲು ಇದ್ದರೆ ಸಾಕು. ಬಿಂಗ್‌ಗೆ ಬೇಗ ತಿಳಿಸಬೇಕು ಅಂದರೆ ಇಂಡೆಕ್ಸ್‌ನೌ ಇದೆ, ಪುಟ ತಿದ್ದಿದ ಕೂಡಲೇ ಆ ಒಂದು ವಿಳಾಸವನ್ನಷ್ಟೇ ಕಳಿಸಬಹುದು. ಆದರೆ ಗೂಗಲ್ ಅದರಲ್ಲಿ ಸೇರಿಲ್ಲ.

ಕನ್ನಡ ವಿಳಾಸ ಇರಲಿ, ಬದಲಿಸಬೇಡ. ಸೈಟ್‌ಮ್ಯಾಪಿನಲ್ಲಿ ಮಾತ್ರ ಅದನ್ನು ಪರ್ಸೆಂಟ್ ರೂಪಕ್ಕೆ ತಿರುಗಿಸಿ ಬರೆ. 'ಕಾಫಿ' ಅನ್ನುವ ಎರಡಕ್ಷರ ಕಂಪ್ಯೂಟರಿಗೆ ನಾಲ್ಕು ಗುರುತು, ಒಂದೊಂದಕ್ಕೆ ಮೂರು ಬೈಟ್, ಪ್ರತಿ ಬೈಟಿಗೂ ಪರ್ಸೆಂಟ್ ಚಿಹ್ನೆ ಸೇರಿ ಮೂರಕ್ಷರ, ಒಟ್ಟು 36 ಅಕ್ಷರ ಆಗುತ್ತದೆ. ಒಂದು ವಿಳಾಸ 2,048 ಅಕ್ಷರಕ್ಕಿಂತ ಕಮ್ಮಿ ಇರಬೇಕು. ಹಾಗಾಗಿ ಫೋಟೋದ ಪೂರ್ತಿ ವಿವರವನ್ನೇ ವಿಳಾಸ ಮಾಡಬೇಡ, ಚಿಕ್ಕ ಹೆಸರಿಡು. ಊರು, ವರ್ಷದ ಪ್ರಕಾರ ಫೋಟೋ ಆರಿಸಿ ತೋರಿಸುವ ವಿಳಾಸಗಳಲ್ಲಿ & ಚಿಹ್ನೆ ಹಾಗೇ ಬಂದರೆ ಪೂರ್ತಿ ಫೈಲು ಓದಲಾಗದೆ ಕೆಡುತ್ತದೆ. ಅಂಥ ವಿಳಾಸಗಳು ಪಟ್ಟಿಯಲ್ಲಿ ಬೇಕಾಗಿಯೂ ಇಲ್ಲ, ಒಂದು ಫೋಟೋಗೆ ಒಂದು ವಿಳಾಸ ಸಾಕು.

ಕೊನೆಯದಾಗಿ, ನನಗೇ ಆದದ್ದು. ಒಂದು ತೋಟದ ಸೈಟಿಗೆ ನಾನು ಬರೆದ ಸ್ಕ್ರಿಪ್ಟ್ ಹಳೇ ಫೈಲಿನ ಮೇಲೇ ಬರೆಯುತ್ತಿತ್ತು. ಒಂದು ರಾತ್ರಿ ಡೇಟಾಬೇಸ್ ನಡುವೆ ಕೈಕೊಟ್ಟಿತು, ಅರ್ಧ ಫೈಲು ಉಳಿಯಿತು. ಅದು ಗೊತ್ತಾಗುವಷ್ಟರಲ್ಲಿ ಎರಡು ವಾರ. ಈಗ ಮೊದಲು ಬೇರೆ ಹೆಸರಿನಲ್ಲಿ ಬರೆಸುತ್ತೇನೆ, ಪುಟಗಳ ಲೆಕ್ಕ ಹಿಂದಿನದಕ್ಕಿಂತ ತೀರಾ ಕಮ್ಮಿ ಇಲ್ಲ ಅಂತ ನೋಡಿಸುತ್ತೇನೆ, ಆಮೇಲೇ ಹೆಸರು ಬದಲಿಸಿ ಜಾಗಕ್ಕೆ ಕೂರಿಸುವುದು. ನೀನೂ ಹಾಗೇ ಮಾಡು. ಒಂದು ಫೈಲಿಗೆ 50,000 ವಿಳಾಸ, 50 ಎಂಬಿ ಅನ್ನುವ ಮಿತಿ ಇದೆ, ನಿನಗೆ ಅದು ಸದ್ಯಕ್ಕೆ ಅಡ್ಡ ಬರುವುದಿಲ್ಲ.

ಪ್ರಶ್ನೆ: ಹ್ಯೂಗೊ ಅನ್ನುವ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಸೈಟ್ ಮಾಡಿದ್ದೇನೆ. ಸೈಟ್‌ಮ್ಯಾಪ್ ತಾನಾಗೇ ಬಂದಿದೆ, ಆದರೆ ಸರ್ಚ್ ಕನ್ಸೋಲ್ ಒಂದು ವಿಳಾಸವನ್ನೂ ಒಪ್ಪುತ್ತಿಲ್ಲ.
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಸೈಟ್‌ಮ್ಯಾಪ್ ತೆರೆದು ಮೊದಲ ವಿಳಾಸ ಓದಮ್ಮ. ನಿನ್ನ ಸೈಟಿನ ಹೆಸರಿನ ಬದಲು ಎಕ್ಸಾಂಪಲ್.ಆರ್ಗ್ ಅಂತ ಇದೆಯಾ? ಹೊಸ ಸೈಟ್ ಶುರು ಮಾಡಿದಾಗ ಹ್ಯೂಗೊ ಸೆಟ್ಟಿಂಗ್ ಫೈಲಿನಲ್ಲಿ ಬೇಸ್‌ಯುಆರ್‌ಎಲ್ (ಸೈಟಿನ ಮೂಲ ವಿಳಾಸ) ಜಾಗಕ್ಕೆ ಅದನ್ನೇ ಹಾಕಿಡುತ್ತದೆ. ಅಲ್ಲಿ ನಿನ್ನ ವಿಳಾಸವನ್ನು ಎಚ್‌ಟಿಟಿಪಿಎಸ್ ಸಮೇತ ಬರೆದು ಸೈಟನ್ನು ಮತ್ತೆ ಬಿಲ್ಡ್ ಮಾಡು (ಪುಟಗಳನ್ನು ಹೊಸದಾಗಿ ತಯಾರಿಸು). ಗಿಟ್ (ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಬಳಸುತ್ತಿದ್ದರೆ ಅದೇ ಫೈಲಿನಲ್ಲಿ ಎನೇಬಲ್‌ಗಿಟ್‌ಇನ್ಫೋ ಆನ್ ಮಾಡು, ಪುಟ ತಿದ್ದಿದ ನಿಜವಾದ ದಿನಾಂಕ ಅದರ ಕಮಿಟ್‌ನಿಂದಲೇ (ಉಳಿಸಿದ ಬದಲಾವಣೆಯ ದಾಖಲೆಯಿಂದಲೇ) ಬರುತ್ತದೆ.